ಅಂಚು

ಮೀನಿನ ಹೆಜ್ಜೆ ಬಲ್ಲವರಾರು ಎಂದು
ಗಾದೆ ಕಟ್ಟಿದವರು
ಒರೆಗಾನಿನ ಈ ನ್ಯೂಪೋರ್ಟ್ ದಕ್ಕೆಗೆ ಬಂದವರಲ್ಲ.
ಇಲ್ಲಿ ಎಲ್ಲರೂ ಬಲ್ಲವರೇ.
ಐಸ್ ತುಂಬುವ ಹುಡುಗ ಬಲ್ಲ,
ಡೀಸೆಲ್ ಪಂಪಿನ ಕಿವುಡ ಮುದುಕ ಬಲ್ಲ.
ಅರವತ್ತು ಡಿಗ್ರಿ, ಎನ್ನುತ್ತಾರೆ,
ಮನೆದೇವರ ಹೆಸರು ಹೇಳಿದ ಹಾಗೆ.
ನೀರು ಅದಕ್ಕಿಂತ ತಣ್ಣಗಿದ್ದರೆ
ಟ್ಯೂನಾ ಈ ಕಡೆ ತಲೆ ಹಾಕಿಯೂ ಮಲಗುವುದಿಲ್ಲ.

ಬೆಳಗಿನ ಮೂರಕ್ಕೆ ಸಿಗ್ನೆ ನಕ್ಷೆ ತೆರೆಯುತ್ತಾಳೆ.
ಉಪಗ್ರಹ ಕಳಿಸಿದ ಕಡಲು:
ದಡದ ಬುಡಕ್ಕೆ ನೇರಳೆ, ಆಮೇಲೆ ಹಸಿರು,
ಅರವತ್ತು ಮೈಲಿಯಾಚೆ ಹಳದಿಯ ಒಂದು ನಾಲಿಗೆ.
ನಡುನಡುವೆ ಬಿಳಿ ತೂತುಗಳು.
ಮೋಡ ಕೂತಲ್ಲಿ ಉಪಗ್ರಹಕ್ಕೂ ಕಣ್ಣಿಲ್ಲ.
'ಮೀನು ಇರುವುದು ಈ ತೂತಿನೊಳಗೇ,
ನಮ್ಮ ಹಣೆಬರಹ' ಎನ್ನುತ್ತಾಳೆ,
ಕಾಫಿಯ ಕಪ್ಪಿನಿಂದ ಒಂದು ತೂತು ಮುಚ್ಚುತ್ತ.

ಇದು ಅವಳ ದೋಣಿಯಲ್ಲಿ ನನ್ನ ಮೂರನೆಯ ಜುಲೈ.
ಕಲಿತದ್ದು ಇಷ್ಟು:
ಬಡಗಣ ಗಾಳಿ ವಾರವೆಲ್ಲ ಬೀಸಿದರೆ
ಮೇಲಿನ ನೀರು ದಡ ಬಿಟ್ಟು ಹೊರಡುತ್ತದೆ.
ತೆರವಾದ ಜಾಗಕ್ಕೆ ತಳದಿಂದೆದ್ದು ಬರುತ್ತದೆ
ಬಿಸಿಲಿನ ಮುಖ ಮರೆತ ನೀರು,
ತಣ್ಣಗೆ, ಹಸಿರಿಗೆ ಬಸಿರಾಗಿ.
ಹಸಿರಿನಲ್ಲಿ ಊಟ. ನೀಲಿಯಲ್ಲಿ ಬೆಚ್ಚಗೆ.
ಎರಡೂ ಕೂಡುವಲ್ಲಿ ಒಂದು ಅಂಚು.
ಸೀರೆಯ ಅಂಚಿನಂತೆ ನೆಟ್ಟಗಲ್ಲ;
ಜಗಳವಾಡಿದ ಅಕ್ಕತಂಗಿಯರು
ಒಂದೇ ಚಾಪೆಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು
ಮಲಗಿದಾಗಿನ ಸಂದಿ, ಅಂಥದು.
ಆಲ್ಬಕೋರ್ ಬರುವುದು ಆ ಸಂದಿಗೆ,
ಕತ್ತಿಯಂಥ ಉದ್ದ ರೆಕ್ಕೆ ಚಾಚಿ,
ಹಸಿರಿನಿಂದ ಹಾದಿ ತಪ್ಪಿದ ಪುಟ್ಟ ಮೀನು ಹೆಕ್ಕಲು.

ಸಿಗ್ನೆಯ ಅಪ್ಪನದೊಂದು ಪುಸ್ತಕವಿದೆ,
ಎಣ್ಣೆಬಟ್ಟೆಯಲ್ಲಿ ಸುತ್ತಿದ್ದು, ಉಪ್ಪಿಗೆ ಉಬ್ಬಿದ್ದು.
ತಾರೀಖು, ಗಾಳಿ, ನೀರು, ಮೀನು.
ಅರವತ್ತೊಂದು: ಇನ್ನೂರ ಹತ್ತು.
ಅರವತ್ತಮೂರು: ನೂರೆಂಬತ್ತು, ಒಂದು ಶಾರ್ಕ್.
ಯಾವುದೋ ಆಗಸ್ಟಿನಲ್ಲಿ
ಅರವತ್ತೆರಡು, ತಿಳಿ ನೀಲಿ, ಹಕ್ಕಿಗಳೂ ಇವೆ:
ಸೊನ್ನೆ.
ಪಕ್ಕದಲ್ಲಿ ಪೆನ್ಸಿಲಿನಲ್ಲಿ ನಾರ್ವೆಯ ಮಾತಿನ ಒಂದೇ ಪದ.
ಏನದು ಎಂದೆ.
'ಯಾಕೆ ಅಂತ' ಎಂದಳು.

ಈ ವರ್ಷ ಗಾಳಿ ಮುನಿಸಿಕೊಂಡಿತು.
ಜೂನ್ ಪೂರ್ತಿ ಧ್ವಜದ ಬಟ್ಟೆ ಕಂಬಕ್ಕಂಟಿಕೊಂಡೇ ಇತ್ತು.
ನೀಲಿ ತಾನಾಗಿ ಮನೆಬಾಗಿಲಿಗೆ ಬಂತು;
ಬಂದರಿನ ಬಾಯಿಯಲ್ಲೇ ಅರವತ್ತೇಳು.
ಹೊಸಬರು ಕುಣಿದರು, ಡೀಸೆಲ್ ಉಳಿಯಿತೆಂದು.
ಸಿಗ್ನೆ ಮಾತ್ರ ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ.
ಮೂರನೆಯ ದಿನ ಚುಕ್ಕಾಣಿಗೆ ಹೇಳಿದಳು, ನನಗಲ್ಲ:
'ಎಲ್ಲೆಲ್ಲೂ ಬೆಚ್ಚಗಾದರೆ
ಅದು ಎಲ್ಲಿ ಅಂತ ನಿಲ್ಲಬೇಕು?'

ಹನ್ನೊಂದು ದಿನ ಗಾಳ ಎಳೆದೆವು.
ರೇಡಿಯೋದಲ್ಲಿ ಬಡಗಣದ ದನಿಗಳು,
ಕೆನಡಾದ ಗೆರೆಯ ಬಳಿ ಯಾರಿಗೋ ನಾನೂರಂತೆ.
ನಮಗೆ ನಲವತ್ತಮೂರು.
ಒಂದರ ಬೆನ್ನಿಗೆ ಉಷ್ಣಮಾಪಕ ಚುಚ್ಚಿದೆ:
ಎಪ್ಪತ್ತೆಂಟು.
ಕಡಲಿಗಿಂತ ಬಿಸಿ!
ಒಲೆಯನ್ನು ಒಡಲಲ್ಲೇ ಹೊತ್ತು ತಿರುಗುವ ಮೀನು
ನೀರಿನ ಒಂದೆರಡು ಡಿಗ್ರಿಗೆ
ಊರು ಬಿಟ್ಟು ಊರಿಗೆ ಹೋಗುವುದೇ?
'ಬಿಸಿ ರಕ್ತದವರದೇ ತಕರಾರು ಜಾಸ್ತಿ'
ಎಂದಳು ಸಿಗ್ನೆ, ಎರಡನೆಯ ಸ್ವೆಟರ್ ಎಳೆದುಕೊಳ್ಳುತ್ತ.
ಮೀನಿನ ಕಿವಿರು ಇನ್ನೂ ತೆರೆದು ಮುಚ್ಚುತ್ತಿತ್ತು.
ರಕ್ತ ನನ್ನ ಬೂಟಿನ ಸುತ್ತ ಹರಿದು
ತೂಬಿನಿಂದ ಹೊರಗೆ,
ನೀಲಿಗೆ ಬಿದ್ದು ಕ್ಷಣ ಹೊತ್ತು
ಅಂಚಿನ ಹಾಗೆ ನಿಂತು, ಕರಗಿತು.

ದಕ್ಕೆಗೆ ಬಂದಾಗ ಸಂಜೆ. ಹಗ್ಗ ಹಿಡಿದ ಐಸ್ ಹುಡುಗ
ಎಷ್ಟು ಮೀನು ಎಂದು ಕೇಳಲಿಲ್ಲ,
ದೋಣಿ ನೀರಲ್ಲಿ ಎಷ್ಟು ಮೇಲೆ ತೇಲುತ್ತಿದೆಯೆಂದು ಕಂಡೇ ಇತ್ತು.
'ಎಷ್ಟು ಡಿಗ್ರಿ?' ಎಂದ.
ಬಚ್ಚಿಡಲು ನಮ್ಮ ಬಳಿ ಏನೂ ಇರಲಿಲ್ಲ.
ಆದರೂ ಸಿಗ್ನೆ
ಎರಡು ತಲೆಮಾರಿನ ಅಭ್ಯಾಸಕ್ಕೆ ಬಿದ್ದು
ಮುಖ ತಿರುಗಿಸದೆ ಹೇಳಿದಳು:
'ಐವತ್ತೊಂಬತ್ತು.'