ಆಗ್ಯಾದ, ಬಂದಿಲ್ಲ

ಮಧ್ಯಾಹ್ನ ಎರಡರ ತಾಸು. ಲಿಂಗಸುಗೂರಿನ ಬಿಸಿಲು
ತಗಡಿನ ಮೇಲೆ ಕೂತು ಪಾಠ ಕೇಳುತ್ತಿದೆ.
ಕರೆಂಟಿಲ್ಲ. ಬಿ.ಎ. ಕೊನೆಯ ವರ್ಷ,
ಹನ್ನೊಂದು ಜನ, ಅದರಲ್ಲಿ ನಾಲ್ವರು ತೂಕಡಿಕೆ.
ಬೋರ್ಡಿನ ಮೇಲೆ ಬರೆಯುತ್ತೇನೆ: ೧೮೦೧.

ಅಮೆರಿಕ ಆಗಿನ್ನೂ ಹಸಿ ಗೋಡೆ ಕಣ್ರಪ್ಪಾ,
ಕೈಯಿಟ್ಟವರ ಬೆರಳೆಲ್ಲ ಮೂಡುತ್ತಿದ್ದ ಕಾಲ.
ಸೋತ ಅಧ್ಯಕ್ಷ ಇಳಿಯುವ ಮುನ್ನ
ತನ್ನವರಿಗೆ ಹುದ್ದೆ ಹಂಚಿದ,
ಸಹಿ, ಸಹಿ, ಮತ್ತೂ ಸಹಿ,
ಕೆಳಗೆ ದುಂಡನೆ ಮೊಹರು.
ಗೆದ್ದವನ ಪಟ್ಟಾಭಿಷೇಕ ನೋಡಲಾರದೆ
ನಸುಕಿನ ಗಾಡಿಗೇ ಊರು ಬಿಟ್ಟ.
ಒಂದು ಕಾಲಕ್ಕೆ ಒಂದೇ ಕಾಗದಕ್ಕೆ ಸಹಿ ಹಾಕಿದ್ದ ಗೆಳೆಯರು ಇವರು.
ಮೇಜಿನ ಮೇಲೆ ಒಂದಿಷ್ಟು ಆದೇಶ
ಮುಟ್ಟಿಸುವವರಿಲ್ಲದೆ ಉಳಿದಿತ್ತು.
ಹೊಸಬ ಬಂದು ಅಂದ: ಕೊಡಬೇಡಿ.

ಮಾರ್ಬರಿ ಅಂತ ಒಬ್ಬ ಕೋರ್ಟಿಗೆ ಹೋದ.
ತಮಾಷೆ ನೋಡಿ, ಆ ಕಾಗದ ಮುಟ್ಟಿಸದೆ ಬಿಟ್ಟ ಮಂತ್ರಿಯೇ
ಈಗ ಮುಖ್ಯ ನ್ಯಾಯಾಧೀಶ!
ತೀರ್ಪು ಬಂತು: ಹಕ್ಕು ನಿನ್ನದೇ, ನಿಜ.
ಕೊಡಿಸುವ ಅಧಿಕಾರ ಮಾತ್ರ ನಮ್ಮದಲ್ಲ.
ಅದನ್ನು ನಮಗೆ ಕೊಟ್ಟ ಕಾಯಿದೆ ಸಂವಿಧಾನಕ್ಕೆ ಹೊಂದದು,
ಹೊಂದದ್ದು ಕಾಯಿದೆಯೇ ಅಲ್ಲ.

ಇಲ್ಲಿ ನಾನು ಯಾವಾಗಲೂ ನಿಲ್ಲುತ್ತೇನೆ,
ಬಾಟಲಿಯ ಬಿಸಿನೀರು ಒಂದು ಗುಟುಕು,
ಆಮೇಲೆ ದನಿ ಏರಿಸಿ: ಅಂದಿನಿಂದ, ಮಕ್ಕಳೇ,
ಕಾಯಿದೆಯನ್ನೂ ತೂಗುವ ತಕ್ಕಡಿ ಬಂತು.

ಎರಡನೇ ಬೆಂಚಿನ ಮೌನೇಶ್ವರಿ,
ವರ್ಷವಿಡೀ ಹೆಸರಿಗೆ ತಕ್ಕಂತೆ ಇದ್ದವಳು, ಎದ್ದಳು:
"ಅಂವಗ ನೌಕ್ರಿ ಸಿಕ್ತೇನ್ರಿ ಸರ?"

ಹದಿನಾಲ್ಕು ವರ್ಷದಿಂದ ಇದೇ ಪಾಠ.
ಯಾರೂ ಕೇಳಿರಲಿಲ್ಲ.
ನಾನೂ.

ಇಲ್ಲವ್ವ, ಅಂದೆ.

ಗದ್ದೆಮ್ಮ, ಅವಳ ತಾಯಿ. ಅಂಗನವಾಡಿ ಸಹಾಯಕಿ,
ಪಟ್ಟಿಯಲ್ಲಿ ಮೂರನೇ ಹೆಸರು. ನೀರು ತುಂಬುವುದು,
ಕಿಚಡಿ ತಿರುವುವುದು, ಯಾರದೋ ಮಕ್ಕಳ ಮೂಗು ಒರೆಸುವುದು.
ಸಹಿ ಬಿದ್ದದ್ದು ಶುಕ್ರವಾರ ಸಂಜೆ,
ಶನಿವಾರದಿಂದ ನೀತಿ ಸಂಹಿತೆ,
ಆಮೇಲೆ ಎಣಿಕೆ, ಗುಲಾಲು, ಪಟಾಕಿ.
ಈಗ ಅದಕ್ಕೆ 'ಹಳೇ ಸಾಹುಕಾರರ ಪಟ್ಟಿ' ಎಂದು ಹೆಸರು.
ಗುಮಾಸ್ತ ಕಣ್ಣೆತ್ತದೆ ಹೇಳುತ್ತಾನಂತೆ:
ಆರ್ಡರ್ ಆಗ್ಯಾದ. ಬಂದಿಲ್ಲ.

ಆಗು. ಬರು.
ವ್ಯಾಕರಣದಲ್ಲಿ ಎರಡೂ ಪಕ್ಕಪಕ್ಕದ ಮನೆಯ ಕ್ರಿಯಾಪದ.
ನಡುವೆ ಒಂದು ಕಬ್ಬಿಣದ ಅಲಮಾರಿ,
ಕೀಲಿಕೈ ಇದ್ದವನು ರಜೆ.

ನನಗೂ ಗೊತ್ತು ಆ ಅಲಮಾರಿ.
ಅತಿಥಿ ಉಪನ್ಯಾಸಕ ನಾನು; ಹದಿನಾಲ್ಕು ವರ್ಷದ ಅತಿಥಿ.
ಯಾರ ಮನೆಯಲ್ಲಿ ಇಷ್ಟು ದಿನ ಉಂಡರೂ
ಹಿರಿಮಗನ ಪಾಲು ಕೇಳಬಹುದಿತ್ತು.

ಟೆಸ್ಟಿನಲ್ಲಿ ನಾಲ್ಕನೇ ಪ್ರಶ್ನೆ: ಪ್ರಕರಣದ ಮಹತ್ವ ತಿಳಿಸಿ.
ಎಲ್ಲರೂ ಮಹತ್ವ ಬರೆದಿದ್ದರು. ಅವಳೂ, ಒಂದೂ ತಪ್ಪಿಲ್ಲದೆ,
ಕೆಳಗೆ ಅಂಚಿನಲ್ಲಿ ಪೆನ್ಸಿಲಿನಿಂದ ಮತ್ತೊಂದು ಸಾಲು:
ಕೋರ್ಟು ದೊಡ್ಡದಾತು. ಮಾರ್ಬರಿ ಮನಿಗ್ಹೋದ.
ಐದಕ್ಕೆ ಐದು ಕೊಟ್ಟೆ, ಮೇಲಿನದಕ್ಕೆ.
ಪೆನ್ಸಿಲಿನ ಸಾಲಿನ ಬದಿಗೆ ಕೆಂಪು ಪೆನ್ನು
ಬಹಳ ಹೊತ್ತು ನಿಂತು, ಮುಚ್ಚಳ ಹಾಕಿಕೊಂಡಿತು.

ಮಂಗಳವಾರ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು ತಾಯಿ, ಮಗಳು,
ಕಚೇರಿಯಿಂದ ವಾಪಸು. ಪ್ಲಾಸ್ಟಿಕ್ ಕವರಿನಲ್ಲಿ
ಪಟ್ಟಿಯ ಜೆರಾಕ್ಸು, ಮಡಿಕೆಯಲ್ಲಿ ಅಕ್ಷರ ಸವೆದದ್ದು.
ಗದ್ದೆಮ್ಮ ಸೆರಗಿನಿಂದ ಮುಖ ಒರೆಸಿ ನನ್ನ ನೋಡಿದಳು:
"ನಮ್ಮ ಹುಡುಗಿ ಹೇಳ್ಯಾಳ್ರಿ ಸರ. ಆ ಮನಶ್ಯಾನ ಕಾಗದ,
ಅದು ಈಗ ಯಾರ ಅಲಮಾರ್ಯಾಗ ಐತ್ರಿ?"

ಹಟ್ಟಿ ಬಸ್ಸು ಧೂಳೆಬ್ಬಿಸಿಕೊಂಡು ಬಂದು ನಿಂತಿತು.
ಅವರು ಹತ್ತಿದರು. ಕಿಟಕಿಯಿಂದ ಅವಳು
ಇನ್ನೂ ನನ್ನ ಬಾಯನ್ನೇ ನೋಡುತ್ತಿದ್ದಳು.