ಚೇಗು

ಚೀಟಿ ಎತ್ತಿದ ದುಡ್ಡು ಹನ್ನೊಂದು ಸಾವಿರ
ಪರ್ಸಿನೊಳಗೆ, ಪರ್ಸು ಕಂಕುಳಲ್ಲಿ.
ಇಷ್ಟು ವರ್ಷ ಟ್ರಂಕಿನ ಮುಚ್ಚಳದ ಮೇಲೆ
ಮಕ್ಕಳ ಕಾಪಿ ತಿದ್ದಿದವಳು ನಾನು,
ನನಗೊಂದು ಮೇಜು ಬೇಕಿತ್ತು.

ಜೊತೆಗೆ ದುಗ್ಗಮ್ಮನನ್ನು ಕರೆದೆ.
ಸಾಮಿಲ್ಲಿನಲ್ಲಿ ಇಪ್ಪತ್ತೆರಡು ವರ್ಷ ಹೊಟ್ಟು ಗುಡಿಸಿದವಳು.
ಮರವನ್ನು ಅವಳು ಬಲ್ಲದ್ದು ಪುಡಿಯಾಗಿ:
ತೇಗದ ಹೊಟ್ಟು ಅಂಗೈಗೆ ಎಣ್ಣೆ ಸವರಿದಂತೆ,
ಹಲಸಿನದು ಅರಿಶಿನ, ಸೆರಗಿಗೆ ಹತ್ತಿದರೆ ಬಿಡದು,
ಮತ್ತಿ ಗಂಟಲು ಕೆರೆಯುತ್ತದೆ,
ಬೀಟೆ ಕೊಯ್ದ ದಿನ ಮಾತ್ರ ಸಾಹುಕಾರರು
ಎದುರೇ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರಂತೆ,
ಪೊರಕೆಯ ಕಡೆಗೇ ಕಣ್ಣು.

ಸಾಗರ ರಸ್ತೆಯ ಶೋರೂಮು. ಒಳಗೆ ತಂಪು.
ಟೈ ಕಟ್ಟಿದ ಹುಡುಗ ನುಣ್ಣಗೆ ಹೇಳಿದ:
‘ಟೀಕ್ ಫಿನಿಶ್ ಮೇಡಂ. ಹತ್ತು ವರ್ಷ ಗ್ಯಾರಂಟಿ.’
‘ಫಿನಿಶ್ ಅಂದ್ರೆ ಮುಗೀತು ಅಂತ ತಾನೆ?’
ದುಗ್ಗಮ್ಮ ಕೇಳಿದಳು.
‘ಹಂಗಾರೆ ತೇಗ ಇದ್ರಾಗೆ ಮುಗಿದೈತೆ.’
ಡ್ರಾಯರ್ ಎಳೆದು, ಕೂಸಿನ ನೆತ್ತಿ ಮೂಸುವ ಹಾಗೆ
ಮೂಗಿಟ್ಟು, ಮುಖ ಕಿವುಚಿ,
‘ಗೋಂದು’ ಅಂದಳು. ‘ಒಂದು ಆಷಾಢ ಕಳೀಲಿ,
ನೀರು ಕುಡಿದು ಬಾಯಿ ಬಿಡ್ತದೆ.’
ಹುಡುಗ ಪಾಪ, ಆದರೂ ಬಣ್ಣದ ಹಾಳೆ ಕೊಟ್ಟ.

ಎರಡನೇ ಅಂಗಡಿಯಲ್ಲಿ ಅವಳು ಮೇಜಿನ ಮೇಲೆ ಹತ್ತಿ ಕೂತಳು.
ಅದು ನರಳಿತು. ಇಳಿದಳು. ಮಾತಿಲ್ಲ.

ಗಾಂಧಿ ಬಜಾರಿನ ಹಿಂದಿನ ಓಣಿಯಲ್ಲಿ
ನಯಾಜ್ ಸಾಹೇಬರ ಹಳೆಯ ಅಂಗಡಿ, ಮೂಲೆಯಲ್ಲೊಂದು ಮೇಜು,
ಮಾರಾಟಕ್ಕೆಂದು ಅವರಿಗೇ ಮರೆತುಹೋದದ್ದು.
ಮೇಲೆಲ್ಲ ಟೀ ಲೋಟದ ಉಂಗುರಗಳು.
‘ಮೇಲೆ ಏನು ನೋಡ್ತೀಯ, ಮೇಲೆ ಎಲ್ರೂ ಚೆಂದನೇ. ಮಗುಚು.’
ಇಬ್ಬರೂ ಹಿಡಿದು ಆಮೆಯಂತೆ ಅಂಗಾತ ಹಾಕಿದೆವು.

ಒಂದು ಮೊಳೆಯಿಲ್ಲ. ಮರದೊಳಗೆ ಮರ ಕಚ್ಚಿಕೊಂಡಿದೆ.
ಅವಳು ಉಗುರಿನಿಂದ ಗೀರಿದಳು, ಉಗುರೇ ಮಡಚಿತು.
‘ಚೇಗು ಐತೆ ಕಣವ್ವ.’
ಕಾಲಿನ ಬುಡದಲ್ಲಿ ಪೆನ್ಸಿಲ್ಲಿನ ಗೀಚು.
ಅವಳಿಗೆ ಓದು ಬಾರದು, ನಾನು ಬಗ್ಗಿ ಓದಿದೆ:

*ಎಡ ಹಿಂಗಾಲಿನ ಗಂಟಿನ ಪಕ್ಕ ಸೀಳು ಇದೆ.
ಬೆಣೆ ಹೊಡೆದಿದ್ದೇನೆ. ಭಾರ ಹೊರುತ್ತೆ.
ಎಳೆಯಬೇಡಿ, ಎತ್ತಿ ಇಡಿ.
ಕಾಳಾಚಾರಿ, ೧೯೯೧.*

‘ಇನ್ನೊಂದ್ಸಲ ಓದು’ ಅಂದಳು. ಓದಿದೆ.
ಆ ಸೀಳಿನ ಮೇಲೆ ಹೆಬ್ಬೆರಳು ಇಟ್ಟುಕೊಂಡೇ ಕೇಳಿದಳು,
ಜ್ವರ ನೋಡುವವಳಂತೆ.
ಯಾರಿಗೂ ಕಾಣದ ಜಾಗದಲ್ಲಿ
ತನ್ನ ಕೆಲಸದ ಊನವನ್ನು ತಾನೇ ಬರೆದಿಟ್ಟ ಮನುಷ್ಯ!
ನನ್ನ ಕಣ್ಣು ತುಂಬುವ ಹೊತ್ತಿಗೆ
ಅವಳಾಗಲೇ ಎದ್ದು ನಿಂತಿದ್ದಳು:
‘ಸೀಳೈತಂತಲ್ಲ ಸಾಬ್ರೆ, ಸಾವಿರ ಬಿಡ್ರಿ.’
ಎಂಟು ಸಾವಿರದ ನಾನೂರಕ್ಕೆ ಮುಗಿಯಿತು,
ಜೊತೆಗೆ ಎರಡು ಟೀ.

ವಿನೋಬನಗರದ ಮಾಳಿಗೆ ಕೋಣೆ, ಕಿರಿದಾದ ಮೆಟ್ಟಿಲು.
ಎತ್ತಿ, ಎಳೀಬೇಡಿ, ಎತ್ತಿ ಎಂದು
ಗೂಡ್ಸ್ ಆಟೋದ ಹುಡುಗರಿಗೆ ನಾನು
ಕಾಳಾಚಾರಿಯ ಪರವಾಗಿ ಕೂಗುತ್ತಿದ್ದೆ.
ಇಟ್ಟೆವು. ಮೇಜು ಅಲುಗಾಡಿತು.

ನನ್ನೆದೆ ಧಸಕ್ಕೆಂದಿತು. ಬರೆದವನೂ ಸುಳ್ಳೇ?
ದುಗ್ಗಮ್ಮ ಕೆನ್ನೆ ನೆಲಕ್ಕೆ ತಾಗಿಸಿ ಮಲಗಿ
ಒಂದು ಕಣ್ಣು ಮುಚ್ಚಿ ನೋಡಿದಳು.
‘ಮೇಜು ನೆಟ್ಟಗೈತೆ. ನಿನ್ನ ಓನರ್ ಹಾಕ್ಸಿರೋ ಟೈಲ್ಸೇ ಸೊಟ್ಟ.’

ಈಗ ರಾತ್ರಿ ಕಾಪಿ ತಿದ್ದುವಾಗ
ತಪ್ಪಿಗೆ ಕೆಂಪು ಗೆರೆ ಎಳೆಯುವ ಮುನ್ನ ಕೈ ಒಂದು ಕ್ಷಣ ನಿಲ್ಲುತ್ತದೆ.
ಹಲಗೆಯ ಆ ಬದಿಯಲ್ಲಿ ಇನ್ನೊಬ್ಬರ ಅಕ್ಷರವಿದೆ.
ಮೇಜು ಮಿಸುಕುವುದಿಲ್ಲ:
ಶೋರೂಮಿನ ಆ ಬಣ್ಣದ ಹಾಳೆ, ಒಳ್ಳೆ ದಪ್ಪ ಕಾಗದ,
ನಾಲ್ಕು ಮಡಿಕೆಯಾಗಿ ಬಲ ಮುಂಗಾಲಿನ ಕೆಳಗಿದೆ,
ಹತ್ತು ವರ್ಷ ಗ್ಯಾರಂಟಿ ಸಮೇತ.