ಮಗ್ಗುಲು

ಗ್ಯಾರಿಯ ಚರ್ಚಿನ ನೆಲಮಾಳಿಗೆ, ಹಳೇ ಕೋಟುಗಳ ರಾಶಿಯಡಿ
ಒಂದು ಡಾಲರಿಗೆ ಸಿಕ್ಕಿದ ತಟ್ಟೆ.
ರಟ್ಟಿನ ಮೇಲೆ ಬೆಲ್‌ಬಾಟಮ್ಮಿನ ಐವರು; ನಾಲ್ಕನೆಯವನ ಮುಖಕ್ಕೆ
ಯಾರೋ ಕಾಫಿ ಲೋಟ ಇಟ್ಟಿದ್ದಾರೆ.

ಸೂಜಿ ಇಳಿಯಿತು. ಕಾದೆಣ್ಣೆಗೆ ಮೀನು ಬಿದ್ದ ಸದ್ದು.
ಆಮೇಲೆ ಬೇಸ್ ಗಿಟಾರು,
ಬಾಗಿಲು ತಟ್ಟದೆ ಒಳಬರುವ ನೆಂಟ.

ಅರ್ನೆಸ್ಟೀನಜ್ಜಿ ಇಸ್ತ್ರಿ ನಿಲ್ಲಿಸಲಿಲ್ಲ.
"ಡ್ರಮ್ಮಿನವನು ಲುಶಿಯಸ್. ಉಕ್ಕಿನ ಕುಲುಮೆಯ ರಾತ್ರಿಪಾಳಿ ಮುಗಿಸಿ
ನೇರ ಬಂದಿದ್ದ. ಅದಕ್ಕೇ ಅರ್ಧ ಮಾತ್ರೆ ಹಿಂದೆ."
ಆ ಅರ್ಧ ಮಾತ್ರೆಯಲ್ಲೇ ನನ್ನ ಸೊಂಟ ಸಿಕ್ಕಿಕೊಂಡಿತ್ತು.

ಮುನ್ನೂರು ಪ್ರತಿ ಒತ್ತಿಸಿದ್ದರಂತೆ, ಎಪ್ಪತ್ನಾಲ್ಕರಲ್ಲಿ.
ಮಾರಿದ್ದು ಹನ್ನೊಂದು. ಉಳಿದವು ಲುಶಿಯಸನ ಗ್ಯಾರೇಜಿನಲ್ಲಿ
ಒಂದೇ ಬೇಸಿಗೆಗೆ ಹಪ್ಪಳದಂತೆ ಸೊಟ್ಟಗಾದವು.

"ನೀನಿದ್ದೆಯಾ ಇದರಲ್ಲಿ?"
ಉತ್ತರವಿಲ್ಲ.

ಹಾಡು ಮುಗಿದ ಮೇಲೆ, ಗೀರಿನ ಅಂಚಿನಲ್ಲಿ,
ಹೆಣ್ಣೊಬ್ಬಳು ಕೆಮ್ಮಿ, ನಕ್ಕಳು.
ಅಜ್ಜಿ ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಬಂದು
ತಟ್ಟೆಯ ಮಗ್ಗುಲು ಬದಲಿಸಿದಳು.